ಚಿಂದಿಯ ಹೊಟ್ಟೆಯ ಅಳತೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ದರ್ಜಿ ತನ್ನ ಅಂಗಡಿಯ ಬೀಗವನ್ನು ತಡಕಾಡಿ ತೆಗೆಯಬೇಕಾಯಿತು. ಒಳಗೆ ಬಂದು ದೇವರನ್ನು ನೆನೆದು ದೀಪ ಹಾಕಿದ. ಆಮೇಲಿನ ಮೊದಲ ಕೆಲಸ, ಚಿಂದಿಯ ಅಳತೆ.

ಚಿಂದಿ ಅಂದರೆ ಬೆಕ್ಕು. ಚೂರುಬಟ್ಟೆಯ ಬುಟ್ಟಿಯಲ್ಲಿ ಸಿಕ್ಕಿದ ಮೂರು ಬಣ್ಣದ ಹೆಣ್ಣು. ಈಚೆಗೆ ಅದರ ಹೊಟ್ಟೆ ಉಬ್ಬುತ್ತಿತ್ತು. ದರ್ಜಿ ದಿನವೂ ಟೇಪು ಸುತ್ತಿ, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದಿಡುತ್ತಿದ್ದ. ಮರಿಗಳಿಗೆಂದು ಹಾಸಿಗೆಯನ್ನೂ ಹೊಲಿದಾಗಿತ್ತು. ಪಕ್ಕದಂಗಡಿಯ ಚಪ್ಪಲಿ ಹೊಲಿಯುವ ಅಣ್ಣ, "ಮೊದಲನೇ ಮರಿ ನಂದು, ನೋಡಪ್ಪ" ಎಂದು ಪುಟ್ಟ ಚರ್ಮದ ಕೊರಳಪಟ್ಟಿಯನ್ನು ಮುಂಚೆಯೇ ಮಾಡಿಕೊಟ್ಟಿದ್ದ.

"ಇವತ್ತು ಅರ್ಧ ಇಂಚು ಜಾಸ್ತಿ!" ದರ್ಜಿ ಹಿಗ್ಗಿದ. ಚಿಂದಿ ತಲೆಯನ್ನೂ ಎತ್ತಲಿಲ್ಲ.

ಹೊಸ ಕೋಟು ತೊಟ್ಟು ನೋಡಲು ಪಶುವೈದ್ಯೆ ಬಂದರು. ಅದಕ್ಕಿನ್ನೂ ಒಂದೇ ತೋಳು.

"ಡಾಕ್ಟರಮ್ಮ, ನಮ್ಮ ಬಸುರೀನ ನೋಡಿ. ನಾಲ್ಕು ಮರಿ ಗ್ಯಾರಂಟಿ."

ಅವರು ತೊಟ್ಟ ಕೋಟಿನಲ್ಲೇ ಮಂಡಿಯೂರಿದರು. "ತಿಂತಾ ಇದಾಳಾ?"

"ಎರಡು ದಿನದಿಂದ ಮೂಸಿ ಕೂಡ ನೋಡಿಲ್ಲ. ನೀರು ಮಾತ್ರ ಗಟಗಟ. ಬಯಕೆ ಅಂದ್ಕೊಂಡೆ."

ವೈದ್ಯೆ ಬಾಲ ಎತ್ತಿದರು. ಹಾಸಿಗೆಯ ಮೇಲೆ ನಾರುವ ಅಂಟುಕಲೆ. "ಬೆದೆಗೆ ಬಂದು ಕೂಗಾಡಿ ಉರುಳಾಡಿದ್ದು ಯಾವಾಗ?"

ದರ್ಜಿ ಪುಸ್ತಕ ತಿರುವಿದ. ಐದು ವಾರದ ಹಿಂದೆ, ಯಾರದೋ ಪ್ಯಾಂಟಿನ ಅಳತೆಯ ಕೆಳಗೆ ಅವನದೇ ಅಕ್ಷರ: 'ಚಿಂದಿಯ ಕೂಗು ತಡೆಯಲಾರೆ. ವಾರವಿಡೀ ಒಳಗೇ ಕೂಡಿಹಾಕಿದೆ.'

"ಒಳಗೇ ಕೂಡಿಹಾಕಿದ್ರಿ. ಮತ್ತೆ ಮರಿ ಆಕಾಶದಿಂದ ಉದುರತ್ತಾ ಯಜಮಾನ್ರೇ? ಇದು ಗರ್ಭಕೋಶದಲ್ಲಿ ಕೀವು. ಬೆದೆ ಮುಗಿದ ಕೆಲವು ವಾರಕ್ಕೆ ಹೀಗಾಗೋದುಂಟು. ಇವತ್ತೇ ಆಪರೇಷನ್ ಮಾಡ್ಬೇಕು. ನಾಳೆ ಅಂದ್ರೆ ಉಳಿಯಲ್ಲ."

ದರ್ಜಿಯ ಕೈಯಿಂದ ಟೇಪು ಜಾರಿತು. "ಇನ್ನೊಂದು ತೋಳು..."

"ಒಂದೇ ಸಾಕು, ನಡೀರಿ!"

ಒಂಟಿ ತೋಳಿನ ಡಾಕ್ಟರು ಮುಂದೆ, ಬೆಕ್ಕಿನ ಬುಟ್ಟಿ ಹೊತ್ತ ದರ್ಜಿ ಹಿಂದೆ. ಮಂಜಿನಲ್ಲಿ ಕಂಡವರೆಲ್ಲ ದಾರಿ ಬಿಟ್ಟರು.

ಸ್ಕ್ಯಾನಿನಲ್ಲಿ ಮರಿಗಳಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತ ದರ್ಜಿ ಕಣ್ಣು ಮುಚ್ಚಿದ. ದೇವರು ಮೂಕಪ್ರಾಣಿಗೆ ಕೊಡದ ಮಾತನ್ನು ತಾನೇ ದಿನವೂ ಬರೆದಿಟ್ಟಿದ್ದ; ಓದಿರಲಿಲ್ಲ, ಅಷ್ಟೆ. 'ತಂದೇ, ತಪ್ಪು ನಂದು, ಅವಳನ್ನು ಬಿಟ್ಟುಬಿಡು.'

ಮಧ್ಯಾಹ್ನ ಬಾಗಿಲು ತೆರೆಯಿತು. "ಗರ್ಭಕೋಶ ತೆಗೆದಾಯ್ತು. ಬದುಕಿಕೊಂಡ್ಲು. ಹೊಲಿಗೆ ನೋಡ್ತೀರಾ?"

ದರ್ಜಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದ. "ಪರವಾಗಿಲ್ಲ, ನೇರ ಬಂದಿದೆ."

ಹತ್ತು ದಿನಕ್ಕೆ ಚಿಂದಿ ಬಟ್ಟಲು ನೆಕ್ಕಿ, ಇನ್ನೂ ಬೇಕೆಂದು ಹೊಲಿಗೆ ಯಂತ್ರದ ಮೇಲೆ ಹತ್ತಿ ಕೂತಿತು. ದರ್ಜಿ ಅಳತೆ ಪುಸ್ತಕದಲ್ಲಿ ಬರೆದ: 'ಚಿಂದಿ. ಹೊಟ್ಟೆ ಇಳಿದಿದೆ. ನೀರು ಒಂದೇ ಬಟ್ಟಲು.' ಬರೆದದ್ದನ್ನು ಎರಡು ಸಲ ಓದಿದ.

ಆಮೇಲೆ ಪಕ್ಕದಂಗಡಿಗೆ ಹೋದ. ಅಣ್ಣ ತಲೆ ತಗ್ಗಿಸಿ ಉಳಿ ಮಸೆಯುತ್ತಿದ್ದ. ದರ್ಜಿ ಹುಟ್ಟದ ಮರಿಯ ಪುಟ್ಟ ಕೊರಳಪಟ್ಟಿಯನ್ನು ಅವನ ಹಲಗೆಯ ಮೇಲಿಟ್ಟ.