ಟ್ರೇಗೆ ಬಿದ್ದದ್ದು

"ನಿನ್ನ ತಲೇಲಿರೋದು ಮಿದುಳಾ, ಗೋಂದಾ?" ಎಂದು ಮ್ಯಾನೇಜರ್ ಕೇಳಿದ.

ಉತ್ತರ ಬೇಕಾಗಿ ಕೇಳಿದ್ದಲ್ಲ. ಗೋಂದಕ್ಕ ಕೈಯಲ್ಲಿದ್ದ ಲಕೋಟೆಯನ್ನು ಇನ್ನೊಮ್ಮೆ ಅಲ್ಲಾಡಿಸಿ ತೋರಿಸಿದಳು. ಮೇಲೆ ವಿಳಾಸ ಟೈಪಾಗಿತ್ತು, ಒಳಗೆ ಕಾಗದ ಹಾಕುವುದನ್ನೇ ಮರೆತಿದ್ದರು. ಖಾಲಿ ಲಕೋಟೆಯನ್ನು ಕಳಿಸುವುದು ಹೇಗೆ ಎಂದು ಕೇಳಲು ಬಂದದ್ದೇ ಅವಳ ತಪ್ಪಾಗಿತ್ತು.

"ನಿನ್ನನ್ನ ಇಟ್ಕೊಂಡಿರೋದು ಅಂಟಿಸೋಕೆ. ಯೋಚನೆ ಮಾಡೋಕೆ ನಾವಿದ್ದೀವಿ. ಟ್ರೇಗೆ ಬಿದ್ದದ್ದು ಅವತ್ತೇ ಹೋಗ್ಬೇಕು. ಖಾಲಿ ಕವರ್ ಬಿದ್ರೂ ಹೋಗ್ಬೇಕು, ಹೆಣ ಬಿದ್ರೂ ಹೋಗ್ಬೇಕು. ಕೇಳೋಕೆ ನೀನ್ಯಾವಳೇ, ಕತ್ತೆ ಮುಂಡೆ?"

ಗುಮಾಸ್ತರಿಬ್ಬರೂ ನಕ್ಕರು. ಮ್ಯಾನೇಜರ್ ಬೈದಾಗ ನಗುವುದು ಅವರ ಕೆಲಸದಲ್ಲೇ ಸೇರಿತ್ತು. ಅಷ್ಟಕ್ಕೇ ಬಿಡದೆ ಆತ ಅದನ್ನೊಂದು ಆದೇಶವಾಗಿ ಟೈಪು ಮಾಡಿಸಿದ: 'ಟ್ರೇಯಲ್ಲಿರುವ ಎಲ್ಲವನ್ನೂ ಅದೇ ದಿನ ರವಾನಿಸತಕ್ಕದ್ದು. ಪ್ರಶ್ನಿಸತಕ್ಕದ್ದಲ್ಲ.' ಕೆಳಗೆ ಸಹಿ, ಮೊಹರು. ಅದನ್ನು ಟ್ರೇಯ ಮೇಲಿನ ಗೋಡೆಗೆ ಅಂಟಿಸಿದ್ದೂ ಗೋಂದಕ್ಕನೇ. ನಾಲ್ಕು ಮೂಲೆಗೂ ಧಾರಾಳವಾಗಿ ಗೋಂದು ಬಳಿದು ಅಂಟಿಸಿದಳು. ಸಿಟ್ಟಿದ್ದರೂ ಅವಳಿಗೆ ಕೆಲಸ ಕೆಡಿಸಿ ಅಭ್ಯಾಸವಿರಲಿಲ್ಲ.

ಅದು ನೀರು ಸರಬರಾಜಿನ ಶಾಖಾ ಕಚೇರಿ. ಸುತ್ತ ಗೋದಾಮುಗಳು, ನಡುವೆ ಈ ಎರಡಂತಸ್ತಿನ ಕಟ್ಟಡ. ಬರುವ ಟಪಾಲನ್ನು ಒಡೆದು ಮೊಹರು ಹಾಕಿ ಹಂಚುವುದು, ಹೋಗುವ ಟಪಾಲನ್ನು ಮಡಿಸಿ ಅಂಟಿಸಿ ಅಂಚೆಯಣ್ಣನ ಚೀಲಕ್ಕೆ ತುಂಬುವುದು ಗೋಂದಕ್ಕನ ಪಾಲಿನ ಕೆಲಸ. ಬೆರಳ ತುದಿಗಳಲ್ಲಿ ಸದಾ ಒಣಗಿದ ಗೋಂದಿನ ಸಿಪ್ಪೆ ಇರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಗುತ್ತಿಗೆಯ ಕೆಲಸ. ಇವತ್ತಿದ್ದರೆ ಇದೆ, ನಾಳೆಯದನ್ನು ನಾಳೆ ನೋಡಬೇಕು. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಮಗಳು, ಮತ್ತು ಗಂಡ. ಗಂಡನಿಗೆ ಕೆಲಸ ಹುಡುಕುವುದೇ ಒಂದು ಕೆಲಸವಾಗಿತ್ತು, ಅದರಲ್ಲಿ ಆತ ಒಂದು ದಿನವೂ ರಜೆ ಹಾಕಿದವನಲ್ಲ.

ಊರಿನವರೆಲ್ಲ ಆ ಕಚೇರಿಗೆ ನೀರಿಲ್ಲವೆಂದು ಬರೆಯುತ್ತಿದ್ದರು. ಬೇಡಿಕೊಂಡು ಬರೆಯುವವರಿದ್ದರು, ಬೈದು ಬರೆಯುವವರಿದ್ದರು. ಎಲ್ಲರಿಗೂ ಒಂದೇ ಉತ್ತರ, ಅಚ್ಚು ಹಾಕಿಸಿ ಕಟ್ಟು ಕಟ್ಟಿಟ್ಟಿದ್ದರು: 'ನಿಮ್ಮ ದೂರು ಪರಿಶೀಲನೆಯಲ್ಲಿದೆ.' ಬೈದವರಿಗೂ ಬೇಡಿದವರಿಗೂ ಭೇದವಿಲ್ಲದೆ ಗೋಂದಕ್ಕ ಅದನ್ನೇ ಮಡಿಸಿ ಅಂಟಿಸುತ್ತಿದ್ದಳು.

ಹೀಗೆ ಊರಿಗೆಲ್ಲ ನೀರಿನ ಉತ್ತರ ಕೊಡುವ ಗೋಂದಕ್ಕ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮನೆಯಿಂದ ತುಂಬಿಸಿ ತಂದ ಬಾಟಲಿ ತುಂಬಿಯೇ ಮನೆಗೆ ಹೋಗುತ್ತಿತ್ತು. ಅತ್ತೆ ಅದನ್ನು ಬಾಗಿಲ ಬಳಿಯ ಡಬ್ಬಿಯ ಗಿಡಕ್ಕೆ ಸುರಿದು, "ನಿನ್ನ ಕೆಲಸದಿಂದ ಈ ಮನೇಲಿ ಉದ್ಧಾರ ಆಗಿದ್ದು ಅಂದ್ರೆ ಇದೊಂದೇ ಕಣಮ್ಮ" ಎನ್ನುತ್ತಿದ್ದಳು. ಗಿಡವೂ ಆ ಮಾತಿಗೆ ತಕ್ಕಂತೆ ಸೊಂಪಾಗಿ ಬೆಳೆದಿತ್ತು.

ಕುಡಿಯದಿರುವುದಕ್ಕೆ ಕಾರಣ ಕಕ್ಕಸು. ಕಟ್ಟಡಕ್ಕೆಲ್ಲ ಇದ್ದದ್ದು ಒಂದೇ, ಅದೂ ಗೋಂದಕ್ಕನ ಮೇಜಿನ ಪಕ್ಕದ ಓಣಿಯಲ್ಲಿ. ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂದು ಬೋರ್ಡಿತ್ತು. ಗುತ್ತಿಗೆಯವರು ಸಿಬ್ಬಂದಿಯಲ್ಲವಂತೆ. ದಪ್ಪ ಬಾಗಿಲು, ಒಂದೇ ಬೀಗ, ಅದಕ್ಕೊಂದೇ ಕೀಲಿಕೈ. ಯಾರೂ ಜೇಬಿಗೆ ಹಾಕಿಕೊಂಡು ಹೋಗದಿರಲೆಂದು ಅದಕ್ಕೊಂದು ಗೇಣುದ್ದದ ಮರದ ತುಂಡು ಕಟ್ಟಿದ್ದರು. ಮೂಗಿಗಿಂತ ಮೂಗುತಿ ಭಾರ. ಕೀಲಿಕೈ ಇರುವುದು ಮ್ಯಾನೇಜರನ ಕೋಣೆಯ ಮೊಳೆಯಲ್ಲಿ. ಆದರೆ ಆತ ಕಕ್ಕಸಿನಿಂದ ಹೊರಬಂದವನು ಕೋಣೆಯವರೆಗೆ ಅದನ್ನು ಹೊತ್ತು ಹೋಗುವವನಲ್ಲ. ಕೈ ಒರೆಸಿಕೊಳ್ಳುತ್ತ ಬಂದು, ದಾರಿಯಲ್ಲಿ ಸಿಗುವ ಟಪಾಲಿನ ಟ್ರೇಗೆ ಅದನ್ನು ಎಸೆದು ಹೋಗುತ್ತಿದ್ದ. ಆಮೇಲೆ ಒಳಗಿನಿಂದ ಕೂಗು: "ಏಯ್, ಕೀಲಿ ತಂದಿಡು." ದಿನಕ್ಕೆಷ್ಟೋ ಸಲ ಗೋಂದಕ್ಕ ಆ ಕೀಲಿಕೈಯನ್ನು ಹೊತ್ತು ಮೊಳೆಗೆ ಹಾಕುತ್ತಿದ್ದಳು, ಬಾಗಿಲಿಗೆ ಹಾಕುವ ಯೋಗ ಮಾತ್ರ ಬಂದಿರಲಿಲ್ಲ.

ಇನ್ನು ದೊಡ್ಡಮ್ಮ. ಕಸ ಗುಡಿಸಿ, ನೆಲ ಒರೆಸಿ, ಅದೇ ಕಕ್ಕಸನ್ನು ದಿನಾ ತೊಳೆಯುವ ಮುದುಕಿ. ಸಕ್ಕರೆ ಕಾಯಿಲೆ, ಹೊತ್ತು ಹೊತ್ತಿಗೆ ಹೋಗಲೇಬೇಕು. ಬೆಳಗ್ಗೆ ಮ್ಯಾನೇಜರ್ ಬೀಗ ತೆಗೆದು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದ, ಆಕೆ ತೊಳೆದು ಹೊರಬಂದೊಡನೆ ಬೀಗ ಹಾಕುತ್ತಿದ್ದ. ತನ್ನ ಕೈಯಾರೆ ತೊಳೆದ ಜಾಗವನ್ನು ಬಿಟ್ಟು ಆಕೆ ಕಟ್ಟಡದ ಹಿಂದಿನ ಜನರೇಟರ್ ಶೆಡ್ಡಿನ ಮರೆಗೆ ಹೋಗಬೇಕಿತ್ತು. ಅಲ್ಲಿ ಮುಳ್ಳು, ತುಕ್ಕು ಹಿಡಿದ ಪೈಪು, ಗೋದಾಮಿನ ಹಮಾಲರು ಓಡಾಡುವ ದಾರಿ. ಒಬ್ಬಳು ಕೂತರೆ ಇನ್ನೊಬ್ಬಳು ಕಾವಲು. ಯಾರಾದರೂ ಬಂದರೆ ಕಾವಲಿನವಳು ಕೆಮ್ಮಬೇಕು, ಕೆಮ್ಮು ಕೇಳಿದರೆ ಕೂತವಳು ಎದ್ದುಬಿಡಬೇಕು, ಮುಗಿದಿರಲಿ ಬಿಡಲಿ.

"ಆ ಕೆಮ್ಮು ಕೇಳೀ ಕೇಳೀ, ಬಸ್ಸಲ್ಲಿ ಯಾರಾದ್ರೂ ಕೆಮ್ಮಿದ್ರೂ ಎದ್ದು ನಿಂತ್ಕೋತೀನಿ ಕಣೇ" ಎಂದು ದೊಡ್ಡಮ್ಮ ಹೇಳಿದರೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಗೋಂದಕ್ಕ ಒಮ್ಮೆ ಹೆಡ್ ಆಫೀಸಿಗೆ ಅರ್ಜಿ ಬರೆದಳು. ನಮಗೂ ಆ ಬಾಗಿಲು ತೆಗೆಸಿಕೊಡಿ ಎಂದಷ್ಟೇ. ತಾನೇ ಅಂಟಿಸಿ ತಾನೇ ಕಳಿಸಿದಳು. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಕೆಲವು ದಿನಗಳಲ್ಲಿ ಅದೇ ಅರ್ಜಿ ಬರುವ ಟಪಾಲಿನಲ್ಲಿ ತಿರುಗಿ ಬಂತು. ಒಡೆದವಳೂ ಅವಳೇ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಶಾಖಾ ಮ್ಯಾನೇಜರರಿಗೆ, ಸೂಕ್ತ ಕ್ರಮಕ್ಕಾಗಿ.' ತನ್ನ ಮೇಲಿನ ದೂರನ್ನು ತಾನೇ ವಿಚಾರಿಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಗೋಂದಕ್ಕ ಮೊಹರು ಹಾಕಿ ಅದನ್ನು ಅವನ ಮೇಜಿನ ಮೇಲಿಟ್ಟು ಬಂದಳು.

ಸೂಕ್ತ ಕ್ರಮ ಅರ್ಧ ಗಂಟೆಯೊಳಗೆ ನಡೆಯಿತು. ಗುಮಾಸ್ತರಿಬ್ಬರನ್ನೂ ಕರೆದು, ಅವಳನ್ನು ನಡುವೆ ನಿಲ್ಲಿಸಿ, ಮ್ಯಾನೇಜರ್ ಅರ್ಜಿಯನ್ನು ರಾಗವಾಗಿ ಓದಿದ.

"ಮಹಾರಾಣಿಯವರಿಗೆ ಕಕ್ಕಸು ಬೇಕಂತೆ. ಹಿಂದೆ ಅಷ್ಟು ಜಾಗ ಬಿದ್ದಿದೆಯಲ್ಲ, ನಿಮ್ಮಂಥೋರಿಗೆ ಬಯಲು ಹೊಸದಾ? ಇನ್ನೊಂದು ಕಾಗದ ಹೋಗ್ಲಿ, ನೀನು ಆ ಮುದುಕಿ ಇಬ್ರೂ ಮನೆಗೆ."

"ದೊಡ್ಡಮ್ಮಂಗೆ ಕಾಯಿಲೆ ಸಾರ್..."

"ಕಾಯಿಲೆ ಇದ್ರೆ ಆಸ್ಪತ್ರೆಗೆ ಹೋಗ್ಲಿ. ಇದೇನು ಧರ್ಮಛತ್ರನಾ?"

ಅವತ್ತಿನಿಂದ ಗೋಂದಕ್ಕ ಬಾಯಿಗೂ ಗೋಂದು ಹಚ್ಚಿಕೊಂಡಳು. ಕೆಲಸ ಹೋದರೆ ಮಗಳ ಶಾಲೆ ಹೋಗುತ್ತದೆ, ದೊಡ್ಡಮ್ಮನ ಮಾತ್ರೆ ಹೋಗುತ್ತದೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಮ್ಯಾನೇಜರನ ಅತಿಥಿಗಳು ಬಂದರು, ಪೈಪಿನ ಕಂಟ್ರಾಕ್ಟರುಗಳು. ಆತ ಅವರನ್ನು ಗೇಟಿನಲ್ಲೇ ಎದುರುಗೊಂಡು ಮೇಲಕ್ಕೆ ಕರೆತರುತ್ತಿದ್ದ. ಮೆಟ್ಟಿಲು ಒರೆಸುತ್ತಿದ್ದ ದೊಡ್ಡಮ್ಮ ಬಹಳ ಹೊತ್ತಿನಿಂದ ತಡೆದುಕೊಂಡಿದ್ದಳು. ಅತಿಥಿಗಳು ಬರುವ ಮೊದಲು ಒರೆಸಿ ಮುಗಿಸದಿದ್ದರೆ ಚರ್ಮ ಸುಲಿಯುತ್ತೇನೆಂದು ಬೆಳಗ್ಗೆಯೇ ಅಪ್ಪಣೆಯಾಗಿತ್ತು. ಅವರಿಗೆ ದಾರಿ ಬಿಡಲೆಂದು ಆಕೆ ಗೋಡೆಗೆ ಒತ್ತಿ ನಿಂತಳು. ಅಲ್ಲಿಯೇ, ನಿಂತಲ್ಲಿಯೇ, ಆಗಿಹೋಯಿತು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹರಿಯಿತು.

ಅತಿಥಿಗಳು ಪ್ಯಾಂಟು ಎತ್ತಿ ಹಿಡಿದರು. ಮ್ಯಾನೇಜರ್ ಹಲ್ಲು ಕಡಿದು, "ನಾಯಿ ಕೂಡ ಕಂಬ ಹುಡುಕಿಕೊಂಡು ಹೋಗುತ್ತಲ್ಲೇ, ಗಲೀಜು ಮುಂಡೇದೇ" ಎಂದ. ಆಮೇಲೆ ಅತಿಥಿಗಳ ಕಡೆ ತಿರುಗಿ ನಕ್ಕು, "ಇಂಥೋರನ್ನ ಇಟ್ಕೊಂಡು ಆಫೀಸು ನಡೆಸ್ಬೇಕು ನೋಡಿ" ಎಂದ.

ಅವರು ಮೇಲೆ ಹೋದ ಮೇಲೆ ದೊಡ್ಡಮ್ಮ ಕುಕ್ಕರುಗಾಲಲ್ಲಿ ಕೂತು ತನ್ನದನ್ನು ತಾನೇ ಒರೆಸಿದಳು. ಗೋಂದಕ್ಕ ಓಡಿಬಂದು ಬಟ್ಟೆ ಕಿತ್ತುಕೊಳ್ಳಲು ಹೋದರೆ ಕೊಡಲಿಲ್ಲ.

"ಬೆಳಗ್ಗೆ ತಾನೇ ತೊಳೆದಿದ್ದೆ ಕಣೇ ಆ ಕಕ್ಕಸನ್ನ" ಎಂದಳು. "ಫಿನಾಯಿಲ್ ಹಾಕಿ, ಲಕಲಕ ಅನ್ನೋ ಹಾಗೆ ತೊಳೆದಿದ್ದೆ."

 ಬಕೆಟ್ಟು ಎತ್ತಿಕೊಂಡು ಶೆಡ್ಡಿನ ಕಡೆ ಹೋದಳು.

ಮಧ್ಯಾಹ್ನದವರೆಗೂ ಮ್ಯಾನೇಜರನ ಕೋಣೆಗೆ ಚಹಾದ ಮೇಲೆ ಚಹಾ ಹೋಯಿತು. ನಡುವೆ ಆತ ಕಂಟ್ರಾಕ್ಟರುಗಳನ್ನು ಒಬ್ಬೊಬ್ಬರನ್ನಾಗಿ ಕರೆತಂದು, ತಾನೇ ಬಗ್ಗಿ ಕಕ್ಕಸಿನ ಬೀಗ ತೆಗೆದುಕೊಟ್ಟ. 'ಸಿಬ್ಬಂದಿಗೆ ಮಾತ್ರ' ಎನ್ನುವುದು ಅವರಿಗೆ ಅನ್ವಯಿಸುತ್ತಿರಲಿಲ್ಲ. ಕೊನೆಯವನು ಹೊರಬಂದ ಮೇಲೆ ಬೀಗ ಹಾಕಿ, ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಲೇ ಕೀಲಿಕೈಯನ್ನು ಎಸೆದು ಹೋದ. ಮರದ ತುಂಡು ಧಡ್ಡೆಂದು ಟ್ರೇಗೆ ಬಿತ್ತು.

ಗೋಂದಕ್ಕ ಕೀಲಿಕೈಯನ್ನು ನೋಡಿದಳು. ಗೋಡೆಯ ಮೇಲಿನ ಆದೇಶವನ್ನು ನೋಡಿದಳು. ತಾನೇ ಅಂಟಿಸಿದ್ದು, ಒಂದು ಮೂಲೆಯೂ ಎದ್ದಿರಲಿಲ್ಲ.

ದಪ್ಪ ಕಾಗದದ ದೊಡ್ಡ ಲಕೋಟೆಯೊಂದನ್ನು ಎಳೆದುಕೊಂಡಳು. ಕೀಲಿಕೈ, ಮರದ ತುಂಡು, ಜೊತೆಗೆ ಆದೇಶದ ಒಂದು ಪ್ರತಿ. ಮೇಲೆ ಹೆಡ್ ಆಫೀಸಿನ ವಿಳಾಸ. ಲಕೋಟೆಯ ಬಾಯಿಗೆ ಎರಡು ಸುತ್ತು ಗೋಂದು ಬಳಿದು, ಅದರ ಮೇಲೆ ಪಟ್ಟಿ ಹಚ್ಚಿ, ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. ರಿಜಿಸ್ಟರಿನಲ್ಲಿ ದುಂಡಗೆ ಬರೆದಳು: ಕಕ್ಕಸಿನ ಕೀಲಿಕೈ, ಮರದ ತುಂಡು ಸಮೇತ.

ಅಂಚೆಯಣ್ಣ ಬಂದು ಲಕೋಟೆ ಎತ್ತಿ ತೂಗಿ ನೋಡಿದ. "ಏನಕ್ಕಾ ಇದು, ಲೊಡಲೊಡ ಅಂತಿದೆ?"

"ಸೂಕ್ತ ಕ್ರಮ ಕಣಣ್ಣ. ಹುಷಾರಾಗಿ ತಗೊಂಡು ಹೋಗು."

ಆತ ರಸೀತಿ ಕೊಟ್ಟು, ಚೀಲದ ಬಾಯಿ ಕಟ್ಟಿ, ಸೈಕಲ್ ಏರಿ ಹೋದ.

ಕಂಟ್ರಾಕ್ಟರುಗಳು ಎದ್ದು ಹೋಗುವ ಹೊತ್ತಿಗೆ ಮ್ಯಾನೇಜರನ ಹೊಟ್ಟೆಯಲ್ಲಿ ಅಷ್ಟೂ ಚಹಾ ತನ್ನ ಲೆಕ್ಕ ಕೇಳತೊಡಗಿತ್ತು. ದುಡುದುಡು ಬಂದು, ನೋಡದೆಯೇ ಟ್ರೇಗೆ ಕೈ ಹಾಕಿದ. ಕೈಗೆ ಬರೀ ತಗಡು ಸಿಕ್ಕಿತು.

"ಕೀಲಿ ಎಲ್ಲೇ?"

"ಹೋಯ್ತು ಸಾರ್."

"ಎಲ್ಲಿಗೆ ಹೋಯ್ತು?"

"ಹೆಡ್ ಆಫೀಸಿಗೆ. ರಿಜಿಸ್ಟರ್ಡ್ ಪೋಸ್ಟಲ್ಲಿ." ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಟ್ರೇಗೆ ಬಿದ್ದಿತ್ತು. ನಾನು ಕೇಳೋ ಹಾಗಿಲ್ವಲ್ಲ ಸಾರ್."

ಮ್ಯಾನೇಜರ್ ಬಾಯಿ ತೆರೆದ. ಅವಳ ಅಮ್ಮನಿಂದ ಶುರುಮಾಡಿ ಏಳು ತಲೆಮಾರಿನ ಹೆಂಗಸರನ್ನೆಲ್ಲ ಹೆಸರಿಸುವ ಉದ್ದೇಶವಿತ್ತು. ಆದರೆ ಜೋರಾಗಿ ಕೂಗಿದರೆ ಅಪಾಯವಾಗುವ ಸ್ಥಿತಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ಪಿಸುಗುಟ್ಟಿಯೇ ಬೈಯಬೇಕಾಯಿತು. ವಾಚ್‌ಮನ್‌ನನ್ನು ಕರೆದು ಬಾಗಿಲು ಒಡೆ ಎಂದ.

ವಾಚ್‌ಮನ್ ಕೂಡ ಗುತ್ತಿಗೆಯವನೇ. ಗೋಂದಕ್ಕನ ಬೆನ್ನ ಹಿಂದಿನ ಕಿಟಕಿಯನ್ನು ನೋಡಿದ. ಅದರ ಗಾಜು ಒಡೆದು ಎಷ್ಟೋ ಕಾಲವಾಗಿತ್ತು.

"ಕಿಟಕಿ ಗಾಜಿಗೇ ಮೇಲಿಂದ ಆರ್ಡರ್ ಬರ್ಬೇಕು ಅಂದಿದ್ರಿ ಸಾರ್. ಇದು ಬಾಗಿಲು. ನಾಳೆ ನನ್ನ ಕುತ್ತಿಗೆಗೆ ಬಂದ್ರೆ?" ಎಂದು ತಲೆ ಕೆರೆದುಕೊಂಡ.

ಗುಮಾಸ್ತರಿಗೆ ಎಂದೂ ಇಲ್ಲದಷ್ಟು ಕೆಲಸ ಬಂದುಬಿಟ್ಟಿತ್ತು. ಯಾರೂ ತಲೆ ಎತ್ತಲಿಲ್ಲ.

"ನಾಳೆಯಿಂದ ನೀನು ಬರ್ಬೇಡ" ಎಂದ ಮ್ಯಾನೇಜರ್, ಹಲ್ಲು ಕಚ್ಚಿ.

ಈ ಮಾತು ಬರುತ್ತದೆಂದು ಗೋಂದಕ್ಕನಿಗೆ ಗೊತ್ತಿತ್ತು. ಆದರೂ ಬಂದಾಗ ಮಗಳ ಮುಖ ಕಣ್ಣಿಗೆ ಕಟ್ಟಿತು. ಖಾಲಿ ಟ್ರೇಯನ್ನು ಅವನ ಮುಂದಕ್ಕೆ ತಳ್ಳಿದಳು.

"ಬರೆದು ಇದಕ್ಕೆ ಹಾಕಿ ಸಾರ್. ಕಳಿಸ್ತೀನಿ."

ಬರೆಯುವಷ್ಟು ವ್ಯವಧಾನ ಅವನಲ್ಲಿರಲಿಲ್ಲ. ಮೆಟ್ಟಿಲುಗಳನ್ನು ಮೊಣಕಾಲು ಜೋಡಿಸಿಕೊಂಡೇ ಇಳಿದು, ಕಟ್ಟಡ ಬಳಸಿ ಹಿಂದಕ್ಕೆ ಹೋದ. ಒಡೆದ ಕಿಟಕಿಯಿಂದ ಗೋಂದಕ್ಕನಿಗೆ ಎಲ್ಲ ಕಾಣುತ್ತಿತ್ತು. ಶೆಡ್ಡಿನ ಪಕ್ಕ ದೊಡ್ಡಮ್ಮ ಒರೆಸುವ ಬಟ್ಟೆ ಹಿಂಡುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಅವನ ನಡಿಗೆಯಲ್ಲೇ ಆಕೆಗೆ ಎಲ್ಲವೂ ಅರ್ಥವಾಯಿತು, ಆ ನಡಿಗೆ ಆಕೆಗೆ ಹೊಸದಲ್ಲ.

"ಹೋಗಿ ಸಾಹೇಬ್ರೇ, ಆ ಮರೆಗೆ ಹೋಗಿ" ಎಂದಳು. "ಎಡಗಡೆ ಮುಳ್ಳಿದೆ, ನೋಡ್ಕೊಳ್ಳಿ. ನಾನು ಇಲ್ಲೇ ಕಾಯ್ತಿರ್ತೀನಿ. ಯಾರಾದ್ರೂ ಬಂದ್ರೆ ಕೆಮ್ತೀನಿ, ತಕ್ಷಣ ನಿಲ್ಲಿಸಿಬಿಡ್ಬೇಕು."

ಆತ ಮರೆಗೆ ಸರಿದ. ದೊಡ್ಡಮ್ಮ ದಾರಿಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತಳು.

ಗೋಂದಕ್ಕ ಬಾಟಲಿಯ ಮುಚ್ಚಳ ತಿರುಗಿಸಿ, ತಲೆ ಹಿಂದಕ್ಕೆ ಹಾಕಿ ಗಟಗಟನೆ ಕುಡಿಯತೊಡಗಿದಳು. ಇವತ್ತು ಅತ್ತೆಯ ಗಿಡಕ್ಕೆ ನೀರಿಲ್ಲ. ಅರ್ಧ ಬಾಟಲಿ ಮುಗಿಯುವ ಹೊತ್ತಿಗೆ ಕೆಳಗಿನಿಂದ ದೊಡ್ಡಮ್ಮ ಕೆಮ್ಮಿದ್ದು ಕೇಳಿಸಿತು. ದೊಡ್ಡದಾಗಿ, ಗಂಟಲು ತುಂಬ ಕೆಮ್ಮಿದಳು. ಒಂದು ಕ್ಷಣ ಬಿಟ್ಟು ಮತ್ತೆ ಕೆಮ್ಮಿದಳು.

ಗೋಂದಕ್ಕ ಬಾಟಲಿ ಇಳಿಸಿ ಕಿಟಕಿಯಿಂದ ಬಗ್ಗಿ ನೋಡಿದಳು. ದಾರಿಯ ಆ ತುದಿಯಿಂದ ಈ ತುದಿಯವರೆಗೆ ಯಾರೂ ಬರುತ್ತಿರಲಿಲ್ಲ.