ಇಸ್ತ್ರಿ ಹಾಕಿದ ಬ್ಲಾಗು

ಅಕ್ಕನದು ಬಟ್ಟೆ ಹೊಲಿಯುವ ಕಸುಬು. ಯಂತ್ರದ ಪಕ್ಕದಲ್ಲೇ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಬ್ಲಾಗು ಬರೆಯುತ್ತಿದ್ದಳು. ಬರೆದದ್ದೆಲ್ಲ ತೀರಿಹೋದ ಅಮ್ಮನ ಬಾಳು: ಕುಡಿದು ಬಂದ ಅಪ್ಪ ಬಡಿದದ್ದು, ಅಮ್ಮ ಹಲ್ಲು ಕಚ್ಚಿಕೊಂಡು ಸಂಸಾರ ತೂಗಿಸಿದ್ದು. ಬೇರೆಲ್ಲೂ ಅದರ ಒಂದಕ್ಷರ ಇರಲಿಲ್ಲ.

ಬ್ಲಾಗಿಗೆ ಜಾಗ ಕೊಟ್ಟ ಕಂಪನಿ, ಬಾಗಿಲು ಹಾಕುತ್ತಿದ್ದೇವೆ, ನಿಮ್ಮ ಬರಹ ಇಳಿಸಿಕೊಳ್ಳಿ ಎಂದು ತಿಳಿಸಿದಾಗ ಇಳಿಸಿಕೊಳ್ಳುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ. ತಮ್ಮನಿಗೆ ಪಾಸ್‌ವರ್ಡ್ ಕೊಟ್ಟಳು. ಅವನು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು, ಅಂಗಿಯ ಮೇಲೆ ಒಂದು ಸುಕ್ಕನ್ನೂ ಸಹಿಸದ ಆಸಾಮಿ. ಮನೆಯವರೆಲ್ಲ ಅವನನ್ನು ಕರೆಯುವುದೇ ಇಸ್ತ್ರಿ ಎಂದು. ಎಲ್ಲ ಬ್ಯಾಕಪ್ ಆಗಿದೆ, ನಿಶ್ಚಿಂತೆಯಾಗಿರು ಎಂದು ಪೆನ್‌ಡ್ರೈವ್ ತಂದುಕೊಟ್ಟ. ಅಕ್ಕ ಅದನ್ನು ಗುಂಡಿಗಳ ಡಬ್ಬಿಯಲ್ಲಿ ಜೋಪಾನ ಮಾಡಿದಳೇ ಹೊರತು ತೆರೆದು ನೋಡಲಿಲ್ಲ.

ನೋಡುವ ಹೊತ್ತಿಗೆ ಬ್ಲಾಗು ಮುಚ್ಚಿಹೋಗಿತ್ತು. ಬರಹಗಳೆಲ್ಲ ಇದ್ದವು, ಆದರೆ ಅಪ್ಪ ಮಾತ್ರ ಬೇರೆ. 'ಅಪ್ಪ ಕೊಂಚ ಮುಂಗೋಪಿ, ಮನಸ್ಸು ಬೆಣ್ಣೆ' ಎಂಬ ಸಾಲು ಓದಿದಾಗ ಅವಳಿಗೆ ಯಾರೋ ನೆಕ್ಕಿಟ್ಟ ಚಮಚವನ್ನು ಬಾಯಿಗಿಟ್ಟುಕೊಂಡ ಹಾಗಾಯಿತು. ಇಸ್ತ್ರಿ ಮಹಾಶಯ ಬ್ಲಾಗಿನಲ್ಲೇ ಕೂತು ಒಂದೊಂದು ಪುಟವನ್ನೂ ತಿದ್ದಿ, ಆಮೇಲೆ ಇಳಿಸಿಕೊಂಡಿದ್ದ. ಮೂಲ ಪ್ರತಿ ಅವನ ಹತ್ತಿರವೂ ಇರಲಿಲ್ಲ.

ಕೇಳಿದ್ದಕ್ಕೆ ಮುಖ ತಗ್ಗಿಸಲಿಲ್ಲ, ತೋಳಿನ ಮಡಿಕೆ ಸರಿಮಾಡಿಕೊಂಡ.

"ಮನೆ ಮರ್ಯಾದೆ ಅಕ್ಕ. ನಾಳೆ ನನ್ನ ಮಗಳು ಓದಿದ್ರೆ ತಾತನ ಬಗ್ಗೆ ಏನಂದ್ಕೋತಾಳೆ?"

"ಅವಳು ಓದ್ಲಿ ಅಂತಾನೇ ಬರ್ದಿದ್ದು," ಎಂದಳು ಅಕ್ಕ. ಅವನು ಕುಡಿದಿಟ್ಟ ಲೋಟ ಮುಟ್ಟುವುದಕ್ಕೂ ಆಮೇಲೆ ಅವಳಿಗೆ ಅಸಹ್ಯವಾಯಿತು. ಅಮ್ಮ ಏಟು ತಿಂದಾಗ ಇದೇ ತಮ್ಮ ಅಮ್ಮನ ಸೆರಗು ಹಿಡಿದು ಬಿಕ್ಕುತ್ತಿದ್ದ. ಈಗ ಆ ಏಟನ್ನೇ ಒರೆಸಿಹಾಕಿ ಕೈ ತೊಳೆದುಕೊಂಡಿದ್ದಾನೆ.

ಎಲ್ಲ ಅಳಿಸಿ ಎಸೆದುಬಿಡೋಣ ಎಂದು ಮತ್ತೆ ಕಂಪ್ಯೂಟರ್ ಮುಂದೆ ಕೂತಳು. ಪುಟದ ಕೊನೆಗೆ ಕಣ್ಣು ಹೋಯಿತು. ಅಲ್ಲಿ ಬರಹದ ಜೊತೆಗೇ ಇಳಿದುಬಂದ ಓದುಗರ ಪ್ರತಿಕ್ರಿಯೆಗಳಿದ್ದವು. ಅಕ್ಕನ ಮಾತಿಗೆ ಇಸ್ತ್ರಿ ಉಜ್ಜಿದವನು ಕೆಳಗೆ ಮಂದಿ ಆಡಿದ್ದನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಯಾರೋ ಬರೆದಿದ್ದರು: 'ಮುರಿದ ಕೈಯಲ್ಲೇ ಅಮ್ಮ ಅಪ್ಪನಿಗೆ ಊಟ ಬಡಿಸಿದಳು, ಅವನು ತಟ್ಟೆ ಒದ್ದ ಎನ್ನುವಲ್ಲಿಗೆ ಓದಲಾರದೆ ನಿಲ್ಲಿಸಿದೆ.' ಅದು ಅವಳದೇ ಸಾಲು, ಒಂದಕ್ಷರ ಆಚೀಚೆಯಿಲ್ಲ. ಪುಟ ಪುಟದ ಕೆಳಗೂ ಹೀಗೆ ಯಾರಾದರೊಬ್ಬರು ಒಂದೆರಡು ಸಾಲು ಎತ್ತಿ ಬರೆದಿದ್ದರು.

ಅಕ್ಕ ಅರ್ಧ ಹೊಲಿದ ರವಿಕೆ ಬದಿಗಿಟ್ಟು, ಆ ಸಾಲುಗಳನ್ನು ಹಿಡಿದುಕೊಂಡು ಮೊದಲಿನಿಂದ ಬರೆಯತೊಡಗಿದಳು. ಕೆಲವು ಕಡೆ ಮೊದಲಿನ ಮಾತು ಸಿಗಲೇ ಇಲ್ಲ, ಹೊಸದಾಗಿ ಬರೆದಳು.

ಮುಗಿದ ಮೇಲೆ ಒಂದು ಪ್ರತಿ ತನಗಿಟ್ಟುಕೊಂಡಳು. ಇನ್ನೊಂದನ್ನು ಕಾಲೇಜಿಗೆ ಹೋಗುವ ತಮ್ಮನ ಮಗಳಿಗೆ ಕಳಿಸಿದಳು: "ನಿಮ್ಮಜ್ಜಿ ಕತೆ ಇದು. ಓದಿ, ನಿನ್ನ ಹತ್ರಾನೇ ಇಟ್ಕೊ. ನಿಮ್ಮಪ್ಪನ ಕೈಗೆ ಮಾತ್ರ ಕೊಡ್ಬೇಡ."