ಸಾಮಾನೆಲ್ಲ ಹಿಂದೆ ಇಡಿ

ಚಕ್ರದ ಮೇಲಿನ ಪುಟ್ಟ ಮನೆಯಂಥ ಕ್ಯಾರವಾನನ್ನು ಕಾರಿಗೆ ಕಟ್ಟಿ ಎಳೆಯುವುದು ಹೇಗೆಂದು ಶೈಲೇಶ್ ಎರಡು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಡುತ್ತಿದ್ದ. ತಾನು ಮಾತ್ರ ಒಂದನ್ನೂ ಎಳೆದವನಲ್ಲ. ಕುಂದಾಪುರದಿಂದ ಮಸ್ಕತ್ತಿಗೆ ಬಂದವನು ಮೊದಲು ಫ್ರಿಜ್ಜು ಮಾರಿದ, ಆಮೇಲೆ ಏಸಿ ಮಾರಿದ, ಈಗ ಊರ ಹೊರಗಿನ ಒಂದು ಯಾರ್ಡಿನಲ್ಲಿ ಕ್ಯಾರವಾನ್ ಮಾರುತ್ತಿದ್ದ. ಫ್ರಿಜ್ಜು ಮಾರುವಾಗ ಅದರೊಳಗೆ ಕೂತು ನೋಡಿದ್ದೆನೇ ಎಂಬುದು ಅವನ ವಾದ. ವಾದದಲ್ಲಿ ಅವನನ್ನು ಸೋಲಿಸಿದವರು ಹಮ್ರಿಯಾದ ಅವನ ಬಾಡಿಗೆ ಮನೆಯ ಸುತ್ತಮುತ್ತ ಯಾರೂ ಇರಲಿಲ್ಲ.

ಪಾಠ ಹತ್ತು ನಿಮಿಷದ್ದು. ಕೊಕ್ಕೆ ಸರಿಯಾಗಿ ಕೂತಿದೆಯೇ ಅಲ್ಲಾಡಿಸಿ ನೋಡಿ, ಸರಪಳಿ ಮರೆಯಬೇಡಿ, ಟಯರಿನ ಗಾಳಿ ನೋಡಿ, ಮುಂದಿನ ಗಾಡಿಗೂ ನಿಮಗೂ ದುಪ್ಪಟ್ಟು ಅಂತರವಿರಲಿ, ತಿರುವಿನಲ್ಲಿ ಅಗಲವಾಗಿ ತಿರುಗಿ, ಓಲಾಡಿದರೆ ಬ್ರೇಕ್ ಒತ್ತಬೇಡಿ. ಇಷ್ಟನ್ನು ಕಂಪನಿಯ ಹಾಳೆ ನೋಡಿ ಬಾಯಿಪಾಠ ಮಾಡಿದ್ದ. ಕೊನೆಯದೊಂದು ಮಾತ್ರ ಸ್ವಂತದ್ದು: ಭಾರದ ಸಾಮಾನೆಲ್ಲ ಕ್ಯಾರವಾನಿನ ಹಿಂದಿನ ತುದಿಗೆ ಇಡಿ. ಸಾಮಾನು ತುಂಬಿದರೆ ಕಾರಿನ ಹಿಂಭಾಗ ಕುಸಿದು ಕೂರುತ್ತದೆ ಎಂದು ಯಾರೋ ಒಬ್ಬ ಗಿರಾಕಿ ದೂರಿದ್ದ. ಶೈಲೇಶ್ ಎಲ್ಲವನ್ನೂ ಹಿಂದಕ್ಕೆ ಹೊರಿಸಿದ. ಕಾರು ನೆಟ್ಟಗೆ ನಿಂತಿತು. ನೋಡಲು ಚೆನ್ನಾಗಿತ್ತು. ಮಾರುವವನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಅಂದಿನಿಂದ ಅದೂ ಪಾಠಕ್ಕೆ ಸೇರಿತು.

ಮಾರಿದ ಕ್ಯಾರವಾನುಗಳನ್ನು ಮನೆ ಮುಟ್ಟಿಸುತ್ತಿದ್ದವನು ಹಸೈನಾರ್. ಉಳ್ಳಾಲದವನು, ಹದಿನೆಂಟು ವರ್ಷ ಟ್ರೇಲರ್ ಓಡಿಸಿದವನು, ಕೇಳದೆ ಮಾತಾಡದವನು. ಮಗಳ ಮದುವೆಗೆಂದು ಅವನು ಊರಿಗೆ ಹೋಗಿದ್ದಾಗ, ಆಗಸ್ಟಿನ ಒಂದು ಬೆಳಿಗ್ಗೆ ಯಜಮಾನ ಶೈಲೇಶನ ಕೈಗೆ ಕೀಲಿ ಕೊಟ್ಟು, ಒಳನಾಡಿನ ಇಬ್ರಾ ಊರಿನ ಗಿರಾಕಿಗೆ ಒಂದು ಗಾಡಿ ತಲುಪಿಸಿ ಬಾ ಎಂದ. ಊರಿಗೆಲ್ಲ ಹೇಳಿಕೊಡುವವನು ನೀನೇ ಅಲ್ಲವೇ ಎಂದೂ ಸೇರಿಸಿದ. ವಾದದಲ್ಲಿ ಸೋಲದ ಶೈಲೇಶ್ ಕೀಲಿ ಜೇಬಿಗಿಳಿಸಿ ಗಾಡಿಯತ್ತ ನಡೆದ.

ಗಿರಾಕಿ ಮಸ್ಕತ್ತಿನಲ್ಲೇ ಕೊಂಡಿಟ್ಟಿದ್ದ ಜನರೇಟರ್, ಗ್ಯಾಸ್ ಸಿಲಿಂಡರ್ ಮತ್ತು ಆರು ಕ್ಯಾನ್ ನೀರನ್ನೂ ಅದರಲ್ಲೇ ತರಬೇಕಿತ್ತು. ಶೈಲೇಶ್ ಎಲ್ಲವನ್ನೂ ನಿಷ್ಠೆಯಿಂದ ಹಿಂದಿನ ತುದಿಗೆ ಪೇರಿಸಿದ. ಮೊದಲ ಒಂದು ತಾಸು ಹಾಯಾಗಿ ಸಾಗಿತು. ಇಷ್ಟಕ್ಕೆ ಹಸೈನಾರನಿಗೆ ಅಷ್ಟು ಸಂಬಳವೇ ಎಂಬ ಯೋಚನೆಯೂ ಬಂದು ಹೋಯಿತು. ಬೆಟ್ಟ ಕೊರೆದ ರಸ್ತೆ ಇಳಿಜಾರಾದಲ್ಲಿ ಒಂದು ಟ್ಯಾಂಕರ್ ಪಕ್ಕದಿಂದ ಭರ್ರನೆ ದಾಟಿತು. ಅದರ ಗಾಳಿಗೆ ಕ್ಯಾರವಾನ್ ಒಮ್ಮೆ ಬಲಕ್ಕೆ ವಾಲಿತು, ಎಡಕ್ಕೆ ವಾಲಿತು, ಮತ್ತೆ ನಿಲ್ಲಲಿಲ್ಲ. ಕನ್ನಡಿಯಲ್ಲಿ ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಪೂರ್ತಿಯಾಗಿ ಕಾಣುತ್ತಿತ್ತು. ಸ್ಟೇರಿಂಗ್ ಕೈಯಲ್ಲಿತ್ತು, ಕಾರು ಅವನ ಕೈಯಲ್ಲಿರಲಿಲ್ಲ.

ಬ್ರೇಕ್ ಒತ್ತಬೇಡಿ ಎಂದು ಇನ್ನೂರು ಸಲ ಹೇಳಿದವನು ಬ್ರೇಕನ್ನೇ ಒತ್ತಿದ. ಓಲಾಟ ಹೆಚ್ಚಾಯಿತು. ಹೆದರಿ ಎರಡೂ ಕಾಲು ಎತ್ತಿಬಿಟ್ಟ. ಅವನನ್ನು ಉಳಿಸಿದ್ದು ಬುದ್ಧಿಯಲ್ಲ, ಆ ಹೆದರಿಕೆ. ಮುಂದೆ ಏರು ಬಂತು, ವೇಗ ತಗ್ಗಿತು, ಗಾಡಿ ರಸ್ತೆಯಂಚಿಗೆ ಬಂದು ನಿಂತಿತು. ಶೈಲೇಶ್ ಬಾಗಿಲು ತೆರೆದು ಇಳಿಯಲು ಹೋಗಿ, ಮತ್ತೆ ಕೂತು ಹಸೈನಾರನಿಗೆ ಫೋನ್ ಹಚ್ಚಿದ.

ಉಳ್ಳಾಲದಲ್ಲಿ ಮದುವೆ ಮನೆಯ ಗದ್ದಲದ ನಡುವೆ ಹಸೈನಾರ್ ಫೋನ್ ತೆಗೆದ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ಸಾಮಾನು ಎಲ್ಲಿಟ್ಟಿದ್ದಿ ಮಾರಾಯ?"

"ಹಿಂದೆ."

"ಹಿಂದೆ ಇಡ್ಲಿಕ್ಕೆ ನಿಂಗೆ ಯಾರು ಹೇಳಿದ್ದು?"

ಹಸೈನಾರ್ ಬಿಡಿಸಿ ಹೇಳಿದ. ಬಾಲಕ್ಕೆ ಭಾರ ಹಾಕಿದರೆ ಬಾಲವೇ ಗಾಡಿಯನ್ನು ಆಡಿಸುತ್ತದೆ. ಭಾರವೆಲ್ಲ ಚಕ್ರದ ಮೇಲೆ, ಸ್ವಲ್ಪ ಮುಂದಕ್ಕೆ, ನೆಲಕ್ಕೆ ಹತ್ತಿರ ಇರಬೇಕು. ಕಾರಿನ ಕೊಕ್ಕೆಯ ಮೇಲೆ ಒಂದಿಷ್ಟು ತೂಕ ಬಿದ್ದರೇ ಒಳ್ಳೆಯದು. ಇಷ್ಟು ದಿನ ಇದನ್ನೇಕೆ ಹೇಳಲಿಲ್ಲ ಎಂದದ್ದಕ್ಕೆ, ತಾನು ಒಯ್ಯುವುದು ಖಾಲಿ ಗಾಡಿ, ನೀನು ಕೇಳಿದ್ದು ಯಾವಾಗ ಎಂದ. ಬಿರಿಯಾನಿ ಬಡಿಸುವ ಹೊತ್ತಾಯಿತೆಂದು ಫೋನ್ ಇಟ್ಟ.

ಬಿಸಿಲಿನಲ್ಲಿ ಬೆವರು ಸುರಿಸುತ್ತ ಶೈಲೇಶ್ ಜನರೇಟರು, ಸಿಲಿಂಡರು, ಆಮೇಲೆ ಒಂದೊಂದೇ ಕ್ಯಾನು ಎತ್ತಿ ಮುಂದಕ್ಕೆ ಸಾಗಿಸಿದ. ಕಾರು ತುಸು ಕುಸಿಯಿತು, ಆದರೆ ಗಾಡಿ ಅಳ್ಳಾಡದೆ ಹಿಂಬಾಲಿಸಿತು. ನಾಲ್ಕು ಕಿಲೋಮೀಟರ್ ಖುಷಿಯಾಗಿಯೇ ಹೋದ. ಆಮೇಲೆ ನೆನಪಾಯಿತು. ಸಾಮಾನು ಹಿಂದೆ ಇಡುವ ಪಾಠವನ್ನು ಅವನು ಕಡಿಮೆಯೆಂದರೂ ನಲವತ್ತು ಮನೆಗಳಿಗೆ ಹೇಳಿ ಕಳಿಸಿದ್ದ.

ಅದರಲ್ಲೂ ಒಬ್ಬರು ಅವತ್ತೇ ಹೊರಟಿದ್ದರು. ಮಸ್ಕತ್ತಿನ ಅಲ್ ಅಜೈಬಾದ ಶ್ರೀನಿವಾಸಮೂರ್ತಿ, ಮೈಸೂರಿನವರು, ನೀರು ಶುದ್ಧೀಕರಿಸುವ ಘಟಕದಲ್ಲಿ ಇಂಜಿನಿಯರ್. ಮುಂದಿನ ವರ್ಷ ನಿವೃತ್ತಿ. ಅದಕ್ಕೆ ಮೊದಲು ಹೆಂಡತಿಗೂ ಮಗಳು ಸ್ಪಂದನಾಗೂ ದೂರದ ದಕ್ಷಿಣ ಕರಾವಳಿಯ ಸಲಾಲಾದ ಮಳೆಗಾಲ ತೋರಿಸಬೇಕೆಂದು ಹಳೆಯ ಕ್ಯಾರವಾನೊಂದನ್ನು ಕೊಂಡಿದ್ದರು. ಶೈಲೇಶ್ ಹೇಳಿದ್ದನ್ನೆಲ್ಲ ನಂಬರ್ ಹಾಕಿ ಬರೆದುಕೊಂಡಿದ್ದರು. ಅಕ್ಕಿ ಚೀಲವೂ ಹಿಂದೆಯೇ ಇಡಬೇಕೇ ಎಂದು ಹಿಂದಿನ ದಿನವಷ್ಟೇ ಫೋನ್ ಮಾಡಿ ಕೇಳಿದ್ದರು. ಹಿಂದೆಯೇ ಸರ್, ಎಲ್ಲ ಹಿಂದೆ ಎಂದಿದ್ದ. ಬೇರೆ ಯಾರನ್ನಾದರೂ ವಿಚಾರಿಸಿ ಎಂದು ಹೆಂಡತಿ ಹೇಳಿದರೆ, ನಮ್ಮವರೇ ಹೇಳಿರುವಾಗ ಇನ್ನು ಯಾರನ್ನು ಕೇಳುವುದು ಎಂದು ನಕ್ಕಿದ್ದರಂತೆ. ಆ ಮಾತು ಕೇಳಿ ಆಗ ಶೈಲೇಶ್ ಉಬ್ಬಿದ್ದ.

ರಸ್ತೆ ಪಕ್ಕ ನಿಲ್ಲಿಸಿ ಅವರಿಗೆ ಫೋನ್ ಮಾಡಿದ. ವ್ಯಾಪ್ತಿಯಲ್ಲಿಲ್ಲ. ಮೆಸೇಜು ಕಳಿಸಿದ, ಹೋಗಿ ಮುಟ್ಟಲಿಲ್ಲ. ಸಲಾಲಾ ದಾರಿಯ ಮರುಭೂಮಿಯಲ್ಲಿ ಫೋನು ಗಂಟೆಗಟ್ಟಲೆ ಸತ್ತಿರುತ್ತದೆ ಎಂಬುದು ಗೊತ್ತಿದ್ದರೂ ಅದು ಸಮಾಧಾನ ಕೊಡಲಿಲ್ಲ.

ಇಬ್ರಾದಲ್ಲಿ ಗಾಡಿ ಒಪ್ಪಿಸಿ, ಸಂತೆ ನಡೆಯುವ ಸೂಕ್‌ನ ಬಳಿ ಒಂದು ಚಹಾದಂಗಡಿಯಲ್ಲಿ ಕೂತು ಉಳಿದವರಿಗೆಲ್ಲ ಫೋನ್ ಹಚ್ಚಿದ. ಒಬ್ಬರು ಯಾವ ಪಾಠ ಎಂದು ಕೇಳಿದರು. ಒಬ್ಬರು ಕ್ಯಾರವಾನನ್ನು ಮನೆಯ ಹಿಂದೆ ನಿಲ್ಲಿಸಿ ಅಡುಗೆಯವನಿಗೆ ಮಲಗಲು ಕೊಟ್ಟಿದ್ದರು. ಇನ್ನೊಬ್ಬರು, ಎಲ್ಲಿ ಜಾಗ ಇದೆಯೋ ಅಲ್ಲಿ ತುರುಕುತ್ತೇವಪ್ಪ ಎಂದರು. ಸಿಗದವರಿಗೆ ಮೆಸೇಜು ಹೋಗಿ ಮುಟ್ಟಿತು, ಹದಿನೇಳು ಜನ ಸಿಕ್ಕರು. ಸಿಕ್ಕವರಲ್ಲಿ ಅವನ ಮಾತನ್ನು ಕಿವಿಗೆ ಹಾಕಿಕೊಂಡವರು ಒಬ್ಬರೂ ಇರಲಿಲ್ಲ. ಶೈಲೇಶನಿಗೆ ಹೋದ ಜೀವ ಬಂದಂತಾಯಿತು, ಒಂದಿಷ್ಟು ಅವಮಾನವೂ ಆಯಿತು. ಆದರೆ ಕೇಳಿಸಿಕೊಂಡ ಒಬ್ಬ ಮನುಷ್ಯನ ಫೋನು ಇನ್ನೂ ಸಿಕ್ಕಿರಲಿಲ್ಲ. ಮೂರು ಚಹಾ ಮುಂದೆ ಇದ್ದವು, ಒಂದನ್ನೂ ಕುಡಿದಿರಲಿಲ್ಲ.

ಒಂದೂವರೆಗೆ ಶ್ರೀನಿವಾಸಮೂರ್ತಿಯವರೇ ಫೋನ್ ಮಾಡಿದರು. ಸಲಾಲಾ ದಾರಿಯಲ್ಲಿ, ಹೈಮಾದ ಈಚೆಗೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರು. ದನಿಯಲ್ಲಿ ನಾಚಿಕೆಯಿತ್ತು.

"ತಪ್ಪು ತಿಳ್ಕೋಬೇಡಿ ಶೈಲೇಶ್ ಅವ್ರೇ. ನೀವು ಹೇಳಿದ್ದನ್ನೆಲ್ಲ ಹಾಗೇ ಮಾಡಿದೀನಿ, ಪಟ್ಟಿ ಇಟ್ಕೊಂಡು ಎರಡೆರಡು ಸಲ ನೋಡಿದೀನಿ. ಆದ್ರೂ ಎಂಬತ್ತು ದಾಟಿದ್ರೆ ಗಾಡಿ ಆಡುತ್ತೆ. ನನ್ನ ಕೈಯೇ ಸರಿ ಇಲ್ಲ ಅನ್ಸುತ್ತೆ. ವಯಸ್ಸಾಯ್ತು ನೋಡಿ."

ಅದಕ್ಕೂ ಮೊದಲೇ ಸಿಗುವ ಅದಾಮ್‌ನಲ್ಲಿ ಹೆಂಡತಿ ಮಗಳನ್ನು ಸಲಾಲಾ ಬಸ್ಸು ಹತ್ತಿಸಿಬಿಟ್ಟಿದ್ದರಂತೆ. ಏನಾದರೂ ಆಗುವುದಿದ್ದರೆ ತನ್ನೊಬ್ಬನಿಗೆ ಆಗಲಿ ಎಂದು, ಅಲ್ಲಿಂದ ಅರವತ್ತರಲ್ಲಿ ಒಬ್ಬರೇ ಬರುತ್ತಿದ್ದರು. ಮಗಳು ಬಸ್ಸಿನ ಮೆಟ್ಟಿಲ ಮೇಲೆ ಅತ್ತಳು, ಇನ್ನು ಮುಂದೆ ಕಾರನ್ನೂ ಓಡಿಸಬೇಡ ಎಂದಳು ಎಂಬುದನ್ನು ಅವರು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು.

ಶೈಲೇಶ್ ಎದ್ದು ಅಂಗಡಿಯಿಂದ ಹೊರಗೆ ಬಂದ. ಗಾಡಿಯ ದೋಷ ಎನ್ನಬಹುದಿತ್ತು. ಗಾಳಿಯ ಮೇಲೆ ಹಾಕಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು.

"ನಿಮ್ಮ ಕೈ ಸರಿ ಉಂಟು ಸರ್," ಎಂದ. "ಸಾಮಾನು ಹಿಂದೆ ಇಡ್ಲಿಕ್ಕೆ ಹೇಳಿದ್ದು ತಪ್ಪು. ನಂಗೆ ಗೊತ್ತಿರ್ಲಿಲ್ಲ, ಗೊತ್ತಿಲ್ಲದೆ ಹೇಳಿದೆ."

ಎಲ್ಲವನ್ನೂ ಎಲ್ಲಿಗೆ ಸರಿಸಬೇಕೆಂದು ಹಸೈನಾರನ ಮಾತಿನಲ್ಲೇ ಹೇಳಿದ, ಇದನ್ನು ಹೇಳಿದ್ದು ಹಸೈನಾರ್ ಎಂದೂ ಹೇಳಿದ. ಆ ಕಡೆ ಪೆನ್ನು ಹಾಳೆಯ ಮೇಲೆ ಓಡುವ ಸದ್ದು ಕೇಳಿತು. ಶೈಲೇಶ್ ಬೈಗುಳಕ್ಕೆ ಕಾದ. ಬೈದುಬಿಟ್ಟರೆ ಸಾಕು ಎನಿಸಿತ್ತು.

"ಹಾಗಾದ್ರೆ ನಾನು ಸರಿಯಾಗೇ ಓಡಿಸ್ತಿದ್ನಾ?" ಎಂದು ಕೇಳಿದರು ಶ್ರೀನಿವಾಸಮೂರ್ತಿ.

"ಹೌದು ಸರ್, ನೀವು ಸರಿಯಾಗಿಯೇ ಓಡಿಸಿದ್ದು," ಎಂದ ಶೈಲೇಶ್.

"ಒಂದ್ನಿಮಿಷ ಇಡ್ತೀನಿ," ಎಂದರು ಅವರು. "ಮೊದ್ಲು ಸ್ಪಂದನಾಗೆ ಹೇಳ್ಬಿಡ್ತೀನಿ."